ಪಟ್ಟಿಯ ಆರನೆಯ ಸಾಲು

ಅವರ ಹೆಸರು ಬರೆಯುವುದಿಲ್ಲ. ಸಂಬಂಧಿಕರು ಉದ್ಯಾವರದಲ್ಲಿ ಈಗಲೂ ಇದ್ದಾರೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಸಿಸ್ಟರ್, ನನಗೂ ಸಿಸ್ಟರ್. ಕಾಪುವಿನ ಕಡೆ ಹೆದ್ದಾರಿಯ ಬದಿಗಿದ್ದ ಒಂದು ಚಿಕ್ಕ ಆಸ್ಪತ್ರೆಯ ಆಪರೇಷನ್ ಥಿಯೇಟರು ಅವರ ವಶದಲ್ಲಿತ್ತು. ನಾನು ಕಾರ್ಕಳದಿಂದ ಬಸ್ಸಿನಲ್ಲಿ ಎರಡು ಚೀಲ ಹಿಡಿದು ಬರುತ್ತಿದ್ದ ವ್ಯಾಪಾರಿ. ಒಂದು ಚೀಲದಲ್ಲಿ ರಬ್ಬರ್ ಗ್ಲೌಸು, ಇನ್ನೊಂದರಲ್ಲಿ ಹತ್ತಿ, ಬ್ಯಾಂಡೇಜು, ಸೂಜಿ, ತರಾವರಿ ನಳಿಗೆಗಳು. ಇದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು.

ಮೊದಲ ಸಲ ಹೋದಾಗ ನಾನು ಬೆಲೆಯಿಂದಲೇ ಶುರುಮಾಡಿದೆ. ಸೈಕಲ್ ಟ್ಯೂಬ್ ಮಾರುತ್ತ ಮಾತು ಕಲಿತವನು ನಾನು, ಬಾಯಿಗೆ ಬಿಡುವಿರಲಿಲ್ಲ. ಅವರು ಕೈಯೆತ್ತಿ ನಿಲ್ಲಿಸಿದರು.

"ಬೆಲೆ ಮತ್ತೆ ಹೇಳಿ ಶೆಟ್ರೇ. ಇದು ಎಷ್ಟು ಸಲ ಕುದೀತದೆ, ಅದು ಹೇಳಿ."

"ಆರು ಸಲಕ್ಕೆ ಎಂತ ತೊಂದರೆ ಇಲ್ಲ ಸಿಸ್ಟರ್."

"ಆರು ಸಲ ನೀವು ಕುದಿಸಿ ನೋಡಿದ್ದೀರಾ?"

"ಕಂಪೆನಿಯವರು ಹೇಳ್ತಾರೆ."

"ಹಾಗಾದ್ರೆ ಕಂಪೆನಿಯವರನ್ನೇ ಕಳಿಸ್ಬಹುದಿತ್ತಲ್ಲ, ನೀವು ಎಂತಕ್ಕೆ ಬಿಸಿಲಿಗೆ ಬಂದದ್ದು?"

ಮನೆಗೆ ಹೋಗಿ ಒಂದು ಜೊತೆ ಗ್ಲೌಸನ್ನು ಅನ್ನ ಬೇಯಿಸುವ ಪಾತ್ರೆಯಲ್ಲಿ ಕುದಿಸಿದೆ. ಐದನೆಯ ಸಲಕ್ಕೆ ಗ್ಲೌಸಿನ ಹೆಬ್ಬೆರಳು ಅಂಗೈಗೆ ಅಂಟಿಕೊಂಡಿತು. ಹೆಂಡತಿ ಪಾತ್ರೆಯನ್ನೇ ಅಂಗಳಕ್ಕೆ ಎಸೆದಳು. ಮುಂದಿನ ವಾರ ಹೋಗಿ "ನಾಲ್ಕು ಸಲ" ಎಂದೆ. "ಈಗ ಬೆಲೆ ಹೇಳಿ" ಎಂದರು. ಆ ದಿನದಿಂದ ಅಲ್ಲಿಗೆ ನನ್ನ ಗ್ಲೌಸೇ. ವ್ಯಾಪಾರಕ್ಕೆ ಇಳಿಯುವ ಯಾರಿಗಾದರೂ ನಾನು ಇದನ್ನು ಹೇಳುತ್ತೇನೆ: ನಿಮ್ಮ ಸಾಮಾನನ್ನು ಮೊದಲು ನಿಮ್ಮ ಮನೆಯ ಒಲೆಯ ಮೇಲಿಟ್ಟು ನೋಡಿ. ಹೇಳುವುದು ಸುಲಭ. ನಾನು ಕುದಿಸಿ ನೋಡಿದೆ, ಹಾಕಿಕೊಂಡು ನೋಡಲಿಲ್ಲ.

ಈಗಿನವರಿಗೆ ಕುದಿಸುವ ಮಾತೇ ವಿಚಿತ್ರ ಅನಿಸಬಹುದು. ಆಗ ಗ್ಲೌಸನ್ನು ಒಂದು ಸಲ ಹಾಕಿ ಎಸೆಯುವ ಶ್ರೀಮಂತಿಕೆ ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳಿಗೆ ಇರಲಿಲ್ಲ. ಆಪರೇಷನ್ ಮುಗಿದ ಮೇಲೆ ತೊಳೆದು ಹಗ್ಗದ ಮೇಲೆ ಒಣಹಾಕುವುದು, ತಿರುವಿ ಒಳಮೈ ಒಣಗಿಸುವುದು, ತೂತಿದ್ದರೆ ಹಳೆಯ ಗ್ಲೌಸಿನ ತುಂಡು ಅಂಟಿಸುವುದು. ಆಮೇಲೆ ಬಾಗಿಲು ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ದೊಡ್ಡ ತಟ್ಟೆಯಲ್ಲಿ ಪೌಡರು ಹರಡಿ, ಒಂದೊಂದೇ ಗ್ಲೌಸನ್ನು ಅದರಲ್ಲಿ ಹೊರಳಿಸಿ ಕೊಡವುವುದು. ಫ್ಯಾನು ತಿರುಗಿದರೆ ಪೌಡರು ಹಾರಿ ನಷ್ಟ ಎಂದು ಅದನ್ನು ನಿಲ್ಲಿಸುತ್ತಿದ್ದದ್ದು. ಮಧ್ಯಾಹ್ನ ಊಟವಾದ ಮೇಲೆ ಥಿಯೇಟರಿನ ನರ್ಸುಗಳು ಆ ಕೋಣೆಯಲ್ಲಿ ಕುಳಿತು ಹರಟುತ್ತ ಈ ಕೆಲಸ ಮಾಡುತ್ತಿದ್ದರು. ಹೊರಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ, ನಾಟಕಕ್ಕೆ ಬಣ್ಣ ಹಚ್ಚಿದ ಹಾಗೆ.

ತೂತು ಹುಡುಕಲು ಸಿಸ್ಟರ್ ಅವರದ್ದೇ ಒಂದು ಕ್ರಮ. ಗ್ಲೌಸಿನ ಬಾಯಿಯನ್ನು ಗರಗರ ತಿರುಗಿಸಿ ಗಾಳಿ ಕಟ್ಟುವುದು, ಉಬ್ಬಿದ ಬೆರಳುಗಳನ್ನು ಬಲಗೆನ್ನೆಗೆ ಒತ್ತಿ ಹಿಡಿಯುವುದು. ಕಣ್ಣಿಗೆ ಕಾಣದ ತೂತಿನಿಂದ ಬರುವ ಗಾಳಿ ಕೆನ್ನೆಗೆ ತಿಳಿಯುತ್ತದಂತೆ. "ಕಣ್ಣು ಮೋಸ ಮಾಡ್ತದೆ, ಕೆನ್ನೆ ಮಾಡುದಿಲ್ಲ" ಎನ್ನುತ್ತಿದ್ದರು. ಕೆಲವು ತಿಂಗಳು ಕಳೆದ ಮೇಲೆ ಆ ಕೆನ್ನೆಯಲ್ಲಿ ಬೆರಳಿನ ಗುರುತಿನಂಥ ಕೆಂಪು ಬರೆಗಳು ಏಳತೊಡಗಿದವು. ವಾರ್ಡಿನ ಆಯಾ ನಗಾಡಿದಳು, "ಎಂತ ಸಿಸ್ಟರ್, ಸಂಬಂಧ ಬಂತಾ?"

"ಬಂದಿದ್ರೆ ಎರಡೂ ಕೆನ್ನೆ ಕೆಂಪಾಗ್ತಿತ್ತು ಮಾರಾಯ್ತಿ."

ನಲವತ್ತರ ಹತ್ತಿರದ ಹೆಂಗಸು, ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿ ಒಬ್ಬರೇ. ವಾರ್ಡಿಗೆ ಹಾಕಿಸಿಕೊಂಡರೆ ಕೆಲಸ ಹಗುರವಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ. ಉಪದೇಶ ಮಾಡುವುದು ನನ್ನ ಹಳೆಯ ಚಟ. "ವಾರ್ಡಿನಲ್ಲಿ ಹೇಳಿದ್ದನ್ನು ಮಾಡ್ಬೇಕು. ಥಿಯೇಟರಿನಲ್ಲಿ ಡಾಕ್ಟರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿರ್ತದೆ" ಎಂದರು. ಅದು ನಿಜವಂತೆ. ಕೇಳುವ ಮೊದಲೇ ಕತ್ತರಿಯೋ ಇಕ್ಕುಳವೋ ಡಾಕ್ಟರ ಅಂಗೈಯಲ್ಲಿ ಬಂದು ಕೂರುತ್ತಿತ್ತಂತೆ. ಹೊಟ್ಟೆಯೊಳಗೆ ಇಟ್ಟ ಬಟ್ಟೆಯ ತುಂಡುಗಳನ್ನು ಹೊಲಿಗೆಗೆ ಮೊದಲು ಕೊಂಕಣಿಯಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದರು. ಒಮ್ಮೆ ಎಣಿಕೆ ತಪ್ಪಿದಾಗ ಡಾಕ್ಟರು ಹೊಲಿಯಲು ಸೂಜಿ ಕೇಳಿದರೆ ಇವರು ಸೂಜಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತರಂತೆ. ತುಂಡು ಸಿಕ್ಕಿದ್ದು ಡಾಕ್ಟರ ಚಪ್ಪಲಿಯ ಅಡಿಯಲ್ಲಿ.

ಮೊದಲು ಕೆನ್ನೆ, ಆಮೇಲೆ ಕೈ. ಬೆರಳ ಸಂದುಗಳಲ್ಲಿ ದದ್ದು, ಮಣಿಕಟ್ಟಿನವರೆಗೆ ತುರಿಕೆ. ಅವರು ಕೈಯನ್ನು ಏಪ್ರನ್ನಿನ ಅಡಿಗೆ ಸೇರಿಸಿ ಮಾತಾಡಲು ಕಲಿತರು. ಕೈಯಲ್ಲಿ ಕಜ್ಜಿಯಿದ್ದ ನರ್ಸನ್ನು ಯಾವ ರೋಗಿ ಹತ್ತಿರ ಬಿಟ್ಟುಕೊಳ್ಳುತ್ತಾನೆ? ಯಾವ ಆಡಳಿತ ಥಿಯೇಟರಿನಲ್ಲಿ ಇಟ್ಟುಕೊಳ್ಳುತ್ತದೆ? ಕೆಲಸ ಹೋಗುವ ಭಯ ಅವರ ಮುಖದ ಮೇಲೆ ಕಂಡದ್ದು ಆಗಲೇ ಮೊದಲು. "ಶೆಟ್ರೇ, ನೀವು ಊರೂರು ತಿರುಗುವವರು. ಇದನ್ನು ಎಲ್ಲಿಯೂ ಹೇಳ್ಬೇಡಿ" ಎಂದರು. ಹೇಳಲಿಲ್ಲ. ಬದಲಿಗೆ ಸಲಹೆ ಕೊಟ್ಟೆ.

ಸಾಬೂನು ಇರಬೇಕು, ಬದಲಿಸಿ ಎಂದೆ. ಬದಲಿಸಿದರು. ಪೌಡರು ಇರಬೇಕು ಎಂದು ಬೇರೆ ಪೌಡರು ತಂದುಕೊಟ್ಟೆ. ಸಾಬೂನಿನಿಂದ ಕೈ ಕಾಯಲು ಒಂದರ ಮೇಲೊಂದು ಎರಡು ಗ್ಲೌಸು ಹಾಕಿ ಎಂದೆ. ಹಾಕಿದರು. ತಾಯಿಗೆ ಮೀನಿನ ಮೇಲೆ ಸಂಶಯ. ಮಲ್ಪೆಯ ಮೀನು ಹೊತ್ತು ಬರುವ ಹೆಂಗಸನ್ನು ಅವರು ಗೇಟಿನಿಂದಲೇ ತಿರುಗಿಸಿ ಕಳುಹಿಸಿದರು. ಮೂರು ತಿಂಗಳು ಮೀನಿಲ್ಲ, ದದ್ದು ಹೋಗಲಿಲ್ಲ. "ಬಂಗುಡೆ ನಿರಪರಾಧಿ ಶೆಟ್ರೇ. ಸುಮ್ಮನೆ ಶಿಕ್ಷೆ ಆಯ್ತು, ಅದಕ್ಕಲ್ಲ, ನನಗೆ" ಎಂದು ಸಿಸ್ಟರ್ ನಕ್ಕರು. ಆಗ ನನಗೊಂದು ಉಪಾಯ ಹೊಳೆಯಿತು. ಮೀನು ತಿಂದರೆ ಅಲ್ಲದಿದ್ದರೂ ಮುಟ್ಟಿದರೆ ಆಗುತ್ತಿರಬಹುದಲ್ಲ? ಮನೆಗೆಲಸಕ್ಕೆ ಹಾಕುವ ದಪ್ಪ ರಬ್ಬರ್ ಗ್ಲೌಸು ಒಂದು ಜೊತೆ ತಂದು ಪ್ರೀತಿಯಿಂದ ಕೊಟ್ಟೆ. "ಮೀನು ಕೊಯ್ಯುವಾಗ ಹಾಕಿ, ಕೈ ಉಳೀತದೆ" ಎಂದೆ. ಹಗಲಿಡೀ ಆಸ್ಪತ್ರೆಯಲ್ಲಿ ರಬ್ಬರಿನೊಳಗಿದ್ದ ಕೈ ಮನೆಯಲ್ಲೂ ರಬ್ಬರಿನೊಳಗೆ ಹೋಯಿತು. ಆ ತಿಂಗಳು ದದ್ದು ಮೊಣಕೈ ದಾಟಿತು, ಅವರು ಆ ಗ್ಲೌಸನ್ನು ಮೂಲೆಗೆ ಹಾಕಿದರು.

ದಮ್ಮು ಶುರುವಾದದ್ದು ಪೌಡರಿನ ಕೋಣೆಯಲ್ಲಿ. ಕೂತು ಸ್ವಲ್ಪ ಹೊತ್ತಿಗೆ ಮೂಗು ಕಟ್ಟಿ, ಕಣ್ಣು ಉರಿದು, ಎದೆಯಲ್ಲಿ ಸೀಟಿ. ಭಾನುವಾರ ಮನೆಯಲ್ಲಿದ್ದರೆ ಏನೂ ಇಲ್ಲ. ಅದನ್ನು ಗಮನಿಸಿದ್ದು ನಾನಲ್ಲ, ಡಾಕ್ಟರುಗಳೂ ಅಲ್ಲ, ಅವರೇ. ಮನೆಯ ಕ್ಯಾಲೆಂಡರಿನಲ್ಲಿ ದದ್ದು ಎದ್ದ ದಿನಕ್ಕೆಲ್ಲ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತ ಬಂದರು. ನೆರೆಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಊದಿದ ದಿನ ತುಟಿ ಊದಿ ದಪ್ಪಗಾಯಿತು. ಆ ಒಂದು ಭಾನುವಾರಕ್ಕೂ ಚುಕ್ಕೆ ಬಿತ್ತು.

ಮರುವಾರ ನಾನು ಹೋದಾಗ ಅವರು ಸ್ಟೋರ್ ಕೋಣೆಯ ಬಾಗಿಲು ಓರೆ ಮಾಡಿ ನನ್ನನ್ನು ಕೂರಿಸಿದರು. ಹಳೆಯ ಗ್ಲೌಸಿನ ಒಂದು ಬೆರಳು ಕತ್ತರಿಸಿ ಎಡಗೈಯ ಒದ್ದೆ ಬೆರಳಿಗೆ ಹಾಕಿಕೊಂಡರು. ಬಲಗೈಯ ಒದ್ದೆ ಬೆರಳಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿದರು.

"ಎಂತ ಸಿಸ್ಟರ್ ಇದು ಜಾದೂ?"

"ಸುಮ್ಮನೆ ಕೂತ್ಕೊಳ್ಳಿ. ನಿಮಗೆ ಅದೊಂದು ಬರುದಿಲ್ಲ ನೋಡಿ."

ಕಾಲು ಗಂಟೆಯೂ ಆಗಿರಲಿಲ್ಲ. ಎರಡನ್ನೂ ತೆಗೆದು ಬೆರಳುಗಳನ್ನು ನನ್ನ ಮುಂದೆ ಹಿಡಿದರು. ಪ್ಲಾಸ್ಟಿಕ್ಕಿನ ಬೆರಳು ಇದ್ದ ಹಾಗೇ ಇತ್ತು. ರಬ್ಬರಿನ ಬೆರಳು ಊದಿ, ಕೆಂಪಾಗಿ, ಮೇಲೆಲ್ಲ ಸೊಳ್ಳೆ ಕಚ್ಚಿದಂಥ ಗುಳ್ಳೆ.

"ಸಾಬೂನಲ್ಲ, ಪೌಡರಲ್ಲ, ಮೀನಲ್ಲ. ನಿಮ್ಮ ರಬ್ಬರು ಶೆಟ್ರೇ. ಪೌಡರು ಅದನ್ನು ಹೊತ್ತುಕೊಂಡು ಮೂಗಿಗೆ ಬರ್ತದೆ, ಅಷ್ಟೆ."

ನನ್ನ ಬಾಯಿಂದ ಬಂದ ಮಾತು ಈಗಲೂ ನೆನಪಿದೆ. "ಅದು ಮರದ ಹಾಲಲ್ವಾ ಸಿಸ್ಟರ್? ನಮ್ಮ ಕಾರ್ಕಳದ ಗುಡ್ಡೆಯಲ್ಲೇ ಕೆತ್ತಿ ತೆಗೆಯುವುದು. ಅದರಲ್ಲಿ ಎಂತ ವಿಷ ಉಂಟು?" ಮಾಲನ್ನು ಬಿಟ್ಟುಕೊಡಬಾರದು ಎಂಬ ಬುದ್ಧಿ ನಾಲಿಗೆಯಲ್ಲೇ ಕೂತಿತ್ತು. ಅವರು ಬೆರಳನ್ನು ಇನ್ನಷ್ಟು ಹತ್ತಿರ ಹಿಡಿದರು.

ಮಣಿಪಾಲದಲ್ಲಿದ್ದ ಒಬ್ಬ ಎದೆರೋಗದ ಡಾಕ್ಟರು ಮಾತ್ರ ಅವರ ಮಾತನ್ನು ಪೂರ್ತಿ ಕೇಳಿದರು. ಆ ಬೆರಳಿನ ಪರೀಕ್ಷೆಯನ್ನು ತಮ್ಮೆದುರು ಇನ್ನೊಮ್ಮೆ ಮಾಡಿಸಿ, ರಬ್ಬರಿನಿಂದ ದೂರ ಇರಬೇಕು ಎಂದು ಚೀಟಿ ಬರೆದುಕೊಟ್ಟರು. ಇದು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಮುಂದೊಂದು ಸಲ ಒಮ್ಮೆಗೇ ಉಸಿರು ಕಟ್ಟಬಹುದು ಎಂದು ಬಾಯಲ್ಲೂ ಹೇಳಿದರು. ಸಿಸ್ಟರ್ ಆ ಚೀಟಿಯನ್ನು ಯಾರಿಗೂ ತೋರಿಸಲಿಲ್ಲ. ತೋರಿಸಿದ ದಿನವೇ ಥಿಯೇಟರು ಹೋಗುತ್ತದೆ. ಬದಲಿಗೆ ಕೆಲಸದ ಕ್ರಮವನ್ನೇ ಬದಲಿಸಿದರು. ಪೌಡರು ಹಚ್ಚುವುದು ಮುಚ್ಚಿದ ಕೋಣೆಯಲ್ಲಲ್ಲ, ಹಿಂದಿನ ಜಗಲಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು. ಕೋಣೆಯನ್ನು ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಗ್ಲೌಸು ತೆಗೆದ ಕೂಡಲೇ ಎಲ್ಲರೂ ಕೈ ತೊಳೆಯಬೇಕು. ಗಾಯಕ್ಕೆ ಮುಟ್ಟದ ಕೆಲಸಕ್ಕೆ ಗ್ಲೌಸೇ ಬೇಡ. ಇನ್ನಂಜೆಯಿಂದ ಬರುತ್ತಿದ್ದ ಜೂನಿಯರ್ ನರ್ಸು ಗೊಣಗಿದಳು, "ಗಾಳಿಗೆ ಅರ್ಧ ಪೌಡರು ಗದ್ದೆಗೆ ಹೋಗ್ತದೆ ಸಿಸ್ಟರ್."

"ಹೋಗ್ಲಿ. ಭತ್ತಕ್ಕೆ ದಮ್ಮು ಬರುದಿಲ್ಲ."

ಅವಳ ಕೈಯನ್ನೂ ವಾರಕ್ಕೊಮ್ಮೆ ತಿರುಗಿಸಿ ನೋಡುತ್ತಿದ್ದರು. ಏಕೆ ಎಂದು ಕೇಳಿದ್ದಕ್ಕೆ ಹೇಳಿದರು: "ನನಗಾದದ್ದು ಇವಳಿಗೆ ಆಗ್ಲಿಕ್ಕಿಲ್ಲ ಎಂದು ಯಾವ ದೇವರು ಬರೆದುಕೊಟ್ಟಿದ್ದಾನೆ?"

ಹೀಗೆ ನಾಲ್ಕೈದು ವರ್ಷ ದೂಡಿದರು. ಡಾಕ್ಟರ ಪಕ್ಕ ನಿಲ್ಲುವಾಗ ಒಳಗೆ ಹತ್ತಿಯ ಗ್ಲೌಸು, ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ತೊಟ್ಟೆ, ಅದರ ಮೇಲೆ ರಬ್ಬರು. ಬೆವರಿ ಬೆವರಿ ಕೈ ಸುಕ್ಕಾಗುತ್ತಿತ್ತು, ಆದರೆ ಸೀಟಿ ಕಡಿಮೆಯಾಗಿತ್ತು. ನನಗೂ ನೆಮ್ಮದಿ. ಗ್ಲೌಸು ಮಾರುತ್ತಲೇ ಇದ್ದೆ.

ಆಮೇಲೆ ಅವರಿಗೇ ಆಪರೇಷನ್ ಬಂತು. ಗರ್ಭಕೋಶದಲ್ಲಿ ಗಡ್ಡೆ, ನಿಲ್ಲದ ರಕ್ತ, ತೆಗೆಯಲೇಬೇಕು ಎಂದರು. ಕಾರ್ಕಳದ ಒಂದು ನರ್ಸಿಂಗ್ ಹೋಮಿನ ಸರ್ಜನ್ನರ ಕೈಕೆಳಗೆ ಅವರು ಹಿಂದೆ ಕೆಲಸ ಮಾಡಿದ್ದರು, ಆ ಕೈಯ ಮೇಲೆ ನಂಬಿಕೆ ಇತ್ತು. ನಂಬಿಕೆ ಇಲ್ಲದ್ದು ಆ ಕೈಗೆ ಹಾಕುವ ಗ್ಲೌಸಿನ ಮೇಲೆ. ಬೆರಳು ಸೋಕಿದರೆ ಊದುವ ರಬ್ಬರು ಹೊಟ್ಟೆಯೊಳಗೆ ಹೋದರೆ ಏನಾದೀತು?

ಅವರು ನನ್ನನ್ನು ಕರೆಸಿ ಒಂದು ಹಾಳೆ ಕೊಟ್ಟರು. ದುಂಡನೆಯ ಅಕ್ಷರ, ಎಂಟು ಸಾಲು. ದಿನದ ಮೊದಲ ಆಪರೇಷನ್ ಇವರದ್ದೇ ಆಗಬೇಕು, ಗಾಳಿಯಲ್ಲಿ ಪೌಡರು ಇರಬಾರದು. ಕೋಣೆಯಲ್ಲಿದ್ದ ಎಲ್ಲರಿಗೂ ಪ್ಲಾಸ್ಟಿಕ್ ಗ್ಲೌಸು. ಮೇಜಿನ ಮೇಲೆ ರಬ್ಬರ್ ಶೀಟು ಬೇಡ. ಡ್ರಿಪ್ಪಿಗೆ ಪ್ಲಾಸ್ಟಿಕ್ ನಳಿಗೆ. ತೋಳಿಗೆ ಕಟ್ಟಲು ರಬ್ಬರಲ್ಲ, ಬಟ್ಟೆ. ಆರನೆಯದ್ದು ಮೂತ್ರದ ನಳಿಗೆ, ಕೆಂಪು ರಬ್ಬರಿನದ್ದು ಬೇಡ, ಕೂಸುಗಳಿಗೆ ಹಾಲು ಕೊಡುವ ಪ್ಲಾಸ್ಟಿಕ್ ನಳಿಗೆ ಆದೀತು. ಏಳು, ಔಷಧಿ ಬಾಟಲಿಗೆ ರಬ್ಬರ್ ಬಿರಡೆಯ ಮೂಲಕ ಸೂಜಿ ಚುಚ್ಚಬಾರದು, ಬಿರಡೆ ತೆಗೆದೇ ತುಂಬಿಸಬೇಕು. ಎಂಟು, ಉಸಿರಿನ ಮಾಸ್ಕಿನ ಅಂಚಿಗೆ ಬಟ್ಟೆ.

"ಡಾಕ್ಟರ ಹತ್ರ ನೀವೇ ಮಾತಾಡಿ ಶೆಟ್ರೇ. ನರ್ಸು ಹೇಳಿದ್ರೆ ಬೈತಾರೆ. ನಿಮಗೆ ಚರ್ಚೆ ಬರ್ತದೆ."

ಪ್ಲಾಸ್ಟಿಕ್ ಗ್ಲೌಸಿಗಾಗಿ ನಾನೇ ಬೊಂಬಾಯಿ ಬಸ್ಸು ಹತ್ತಿದೆ. ಎರಡು ಪೆಟ್ಟಿಗೆ ಸಿಕ್ಕಿತು. ಕುದಿಸಿದರೆ ಕರಗುವ ಮಾಲು, ಲೋಷನ್ನಿನಲ್ಲಿ ನೆನೆಸಿಯೇ ಶುದ್ಧ ಮಾಡಬೇಕು. ಅದನ್ನು ಹಿಡಿದು ಮಧ್ಯಾಹ್ನ ಸರ್ಜನ್ನರ ಕೋಣೆಗೆ ಹೋಗಿ ಪಟ್ಟಿ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಇದೆಂತ ಶೆಟ್ರೇ, ಆಪರೇಷನ್ನಾ, ಮಡಿಯಾ?"

ನಾನು ನನ್ನ ಕಸುಬಿನ ಎಲ್ಲ ಜಾಣ್ಮೆ ತೆಗೆದೆ. ನಕ್ಕೆ, ಹೊಗಳಿದೆ, ಗ್ಲೌಸು ತೋರಿಸಿದೆ. ಜಾರುವ ಗ್ಲೌಸು ಎಂದು ಅವರು ಕೊಂಕು ತೆಗೆದರೂ ಒಪ್ಪಿದರು. ಒಂದು, ಎರಡು, ಮೂರು, ನಾಲ್ಕು, ಐದು. ಆರಕ್ಕೆ ಬಂದಾಗ ಅವರ ಸ್ವರ ಏರಿತು.

"ಮೂತ್ರದ ನಳಿಗೆ ಇಷ್ಟು ವರ್ಷ ರಬ್ಬರಿನದ್ದೇ ಹಾಕಿದ್ದು. ಪ್ಲಾಸ್ಟಿಕ್ ಗಡಸು, ಒಳಗೆ ಗೀರ್ತದೆ. ಅವಳ ದದ್ದು ಚರ್ಮದ್ದು, ಇದು ಚರ್ಮಕ್ಕೆ ಹಾಕುವುದಾ? ಎಲ್ಲವನ್ನೂ ಅವಳು ಹೇಳಿದ ಹಾಗೆ ಮಾಡುದಾದ್ರೆ ಆಪರೇಷನ್ನೂ ಅವಳೇ ಮಾಡ್ಲಿ."

ವ್ಯಾಪಾರಿಗೆ ಒಂದು ಕ್ಷಣ ಗೊತ್ತಾಗುತ್ತದೆ. ಇನ್ನು ಎಳೆದರೆ ಸಿಕ್ಕಿದ್ದೂ ಕೈತಪ್ಪುತ್ತದೆ ಎಂಬ ಕ್ಷಣ ಅದು. ದೊಡ್ಡದು ಗ್ಲೌಸು, ಅದು ಸಿಕ್ಕಿತ್ತು. "ಆಯ್ತು ಡಾಕ್ಟ್ರೇ, ಕೊನೆಯ ಮೂರು ಬಿಡಿ" ಎಂದೆ. ಹಾಗೆ ಹೇಳುವಾಗ ಕೂಸುಗಳ ಪ್ಲಾಸ್ಟಿಕ್ ನಳಿಗೆಯ ಹತ್ತು ಪ್ಯಾಕೆಟ್ಟು ನನ್ನ ಕಾಲ ಬುಡದ ಚೀಲದಲ್ಲಿತ್ತು. ಒಂದನ್ನು ತೆಗೆದು ಮೇಜಿನ ಮೇಲಿಟ್ಟು, ದಯವಿಟ್ಟು ಎಂದು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಎಂಟರಲ್ಲಿ ಐದು ಗೆದ್ದ ಖುಷಿಯಲ್ಲಿ ಎದ್ದು ಬಂದೆ.

ಒಪ್ಪಿದ ಐದು ಸಾಲಿಗೆ ಗುರುತು ಹಾಕಿ ಸಿಸ್ಟರಿಗೆ ಪಟ್ಟಿ ಮರಳಿಸಿದಾಗ ಅವರು ಮೇಲಿನಿಂದ ಕೆಳಗೆ ಓದಿದರು. ಆರನೆಯ ಸಾಲಿನ ಮೇಲೆ ಬೆರಳು ನಿಂತಿತು.

"ಇದು?"

"ಅದಕ್ಕೂ ಕೆಳಗಿನ ಎರಡಕ್ಕೂ ಒಪ್ಪಲಿಲ್ಲ ಸಿಸ್ಟರ್. ದೊಡ್ಡದೆಲ್ಲ ಸಿಕ್ಕಿದೆಯಲ್ಲ. ಅದೊಂದು ಸಣ್ಣ ನಳಿಗೆ."

ಬೆರಳು ಅಲ್ಲೇ ಇತ್ತು. ಇನ್ನೊಮ್ಮೆ ಹೋಗಿ ಕೇಳಿ ಎನ್ನುತ್ತಾರೆ ಎಂದುಕೊಂಡೆ. ಆದರೆ ಇಷ್ಟಕ್ಕೇ ನನಗೆ ತೊಂದರೆ ಕೊಟ್ಟಾಯಿತು ಎಂಬ ಸಂಕೋಚ ಅವರಿಗೆ. "ಆಯ್ತು. ನೀವು ಇಷ್ಟು ಮಾಡಿದ್ದೇ ಹೆಚ್ಚು" ಎಂದು ಹಾಳೆ ಮಡಚಿದರು. ಹೊಟ್ಟೆ ಬಿಚ್ಚಿದ್ದರೂ ಎಣಿಕೆ ತಪ್ಪಿದರೆ ಸೂಜಿ ಕೊಡದ ಹೆಂಗಸು, ತನ್ನ ಸರದಿ ಬಂದಾಗ ಬಿಟ್ಟುಕೊಟ್ಟರು.

ಆಪರೇಷನ್ನಿನ ಬೆಳಿಗ್ಗೆ ನಾನು ಹೊರಗಿನ ಬೆಂಚಿನಲ್ಲಿದ್ದೆ. ಒಳಗೆ ನಡೆದದ್ದನ್ನು ಆಮೇಲೆ ಹೇಳಿದವಳು ಇನ್ನಂಜೆಯ ನರ್ಸು. ಸಿಸ್ಟರೇ ಅವಳನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಎಚ್ಚರ ಇತ್ತು. ಮೂತ್ರದ ನಳಿಗೆ ಹಾಕಿ ಸ್ವಲ್ಪ ಹೊತ್ತಿಗೆ ಕುತ್ತಿಗೆ ಕೆಂಪೇರಿತು. ಕೆಮ್ಮಿದರು. ಆಮೇಲೆ ಸ್ಪಷ್ಟವಾಗಿ ಹೇಳಿದರಂತೆ, "ನಳಿಗೆ ತೆಗೀರಿ." ಬೆನ್ನಿನ ಇಂಜೆಕ್ಷನ್ನು ಮೇಲೇರಿದೆ ಎಂದುಕೊಂಡು ಎಲ್ಲರೂ ತಲೆಯ ಕಡೆ ಓಡಿದರು. ಎರಡನೆಯ ಸಲ ಹೇಳುವಾಗ ಸ್ವರ ಇರಲಿಲ್ಲ. ಈ ನರ್ಸು ತುಟಿ ನೋಡಿ ಅರ್ಥಮಾಡಿಕೊಂಡು ನಳಿಗೆ ಎಳೆದು ತೆಗೆದಳು. ಅಷ್ಟರಲ್ಲಿ ಹೊತ್ತು ಮೀರಿತ್ತು. ಹೊಟ್ಟೆಗೆ ಕತ್ತಿ ಮುಟ್ಟಿಯೇ ಇರಲಿಲ್ಲ. ನಾನು ಬೊಂಬಾಯಿಯಿಂದ ತಂದ ಗ್ಲೌಸು ಹಾಕಿದ ಕೈಗಳು ಸುಮ್ಮನೆ ಕಾಯುತ್ತಿದ್ದವು.

ಅರಿವಳಿಕೆಯಲ್ಲಿ ಹೃದಯ ನಿಂತಿತು ಎಂದು ಬರೆದರು. ಸುಳ್ಳು ಬರೆದರೆಂದು ಯಾರನ್ನೂ ದೂರುತ್ತಿಲ್ಲ, ಅವರಿಗೆ ಕಂಡದ್ದು ಹಾಗೆ. ಆ ಕೆಂಪು ನಳಿಗೆ ಕೂಡ ನನ್ನ ಚೀಲದಿಂದಲೇ ಆ ನರ್ಸಿಂಗ್ ಹೋಮಿಗೆ ಹೋದದ್ದು.

ಈಗ ಆಸ್ಪತ್ರೆಗಳಲ್ಲಿ ರಬ್ಬರಿನ ಅಲರ್ಜಿ ಎಂದರೆ ಹಾಸಿಗೆಯ ತಲೆಗೇ ಚೀಟಿ ಅಂಟಿಸುತ್ತಾರೆ, ಎಲ್ಲ ಸಾಮಾನು ಬೇರೆ ಇಡುತ್ತಾರೆ. ಒಳ್ಳೆಯದು. ಆದರೂ ಈ ಕೆಲಸದಲ್ಲಿರುವ ಹುಡುಗಿಯರಿಗೆ ನಾನು ಹೇಳುವುದುಂಟು: ಕೈಯಲ್ಲಿ ದದ್ದೆದ್ದರೆ ಏಪ್ರನ್ನಿನ ಅಡಿಗೆ ಹಾಕಬೇಡಿ, ನಾಲ್ಕು ಜನರಿಗೆ ತೋರಿಸಿ. ಮತ್ತು ನಿಮ್ಮ ಪರವಾಗಿ ಮಾತಾಡಲು ನನ್ನಂಥವನನ್ನು ಕಳುಹಿಸಬೇಡಿ. ಅರ್ಧಕ್ಕೆ ಒಪ್ಪಿಕೊಂಡು ಬರುವುದನ್ನೇ ಗೆಲುವು ಎಂದು ಕಲಿತವರು ನಾವು. ಬಟ್ಟೆಗೆ, ಮೀನಿಗೆ, ಜಾಗಕ್ಕೆ ಅದು ಸರಿ.

ಒಂದು ವಾರ ಬಿಟ್ಟು ಉದ್ಯಾವರದ ಮನೆಗೆ ಹೋದೆ. ತಾಯಿ ಜಗಲಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಮನೆಮಾತು ಕೊಂಕಣಿ, ಕನ್ನಡ ಅವರಿಗೆ ನಿಧಾನ.

"ನೀವು ಬೊಂಬಾಯಿಗೆ ಹೋಗಿ ತಂದ್ರಂತೆ ಶೆಟ್ರೇ. ಅವಳು ಎಲ್ಲರ ಹತ್ರ ಹೇಳಿದ್ಳು. ಸ್ವಂತ ಅಣ್ಣ ಮಾಡ್ಲಿಕ್ಕಿಲ್ಲ."

"ಅದೆಂತ ದೊಡ್ಡದಲ್ಲ ಬಾಯಮ್ಮ."

"ಒಂದು ಕೇಳ್ತೇನೆ, ನಿಜ ಹೇಳಿ. ಅವಳಿಗೆ ಬಾಯಿಬಿಟ್ಟು ಕೇಳುವ ಅಭ್ಯಾಸ ಇರ್ಲಿಲ್ಲ. ನಿಮ್ಮ ಹತ್ರ ಬೇರೆ ಎಂತಾದ್ರೂ ಕೇಳಿದ್ಳಾ? ಕೇಳಿ ಸಿಗದೆ ಹೋದದ್ದು ಎಂತಾದ್ರೂ ಉಂಟಾ?"

"ಇಲ್ಲ ಬಾಯಮ್ಮ," ಎಂದೆ. "ಕೇಳಿದ್ದೆಲ್ಲ ಸಿಕ್ಕಿತ್ತು."